ಒಂದು ನೆಗೆತದ ಸದ್ದನ್ನು ಕೋಡ್‌ನಿಂದ ಹುಟ್ಟಿಸಿದ ಬಗೆ

ನಾನು ಬರೆಯುತ್ತಿದ್ದ ಪುಟ್ಟ ಗೇಮ್‌ಗೆ ಒಂದು ನೆಗೆತದ ಸದ್ದು ಬೇಕಿತ್ತು. ಎಲ್ಲಿಂದಲೋ ಒಂದು ಫೈಲ್ ತಂದು ಹಾಕಬಹುದಿತ್ತು. ಆದರೆ 1983ರಲ್ಲಿ ಬಂದ ನಿಂಟೆಂಡೊ ಗೇಮ್ ಯಂತ್ರ ಫ್ಯಾಮಿಕಾಮ್‌ನ ಕಾಲದ ಆ ‘ಟುಯ್’ ಕೋಡ್‌ನಿಂದಲೇ ಹುಟ್ಟಬೇಕು ಅನ್ನೋ ಆಸೆ ನನಗೆ. ಪೈಥಾನ್ ಭಾಷೆ, ಅದರ ಲೆಕ್ಕದ ಲೈಬ್ರರಿ ನಮ್‌ಪೈ ಹಿಡಿದು ಕೂತೆ.

ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಸದ್ದಿನ ಅಲೆಯ ಅಳತೆಗಳು; ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಸ್ಕ್ವೇರ್ ವೇವ್ ಅಂದರೆ ಸ್ವಲ್ಪ ಹೊತ್ತು 1, ಸ್ವಲ್ಪ ಹೊತ್ತು ಮೈನಸ್ 1, ಅಷ್ಟೇ. ಒಂದು ಸುತ್ತಿನಲ್ಲಿ ಎಷ್ಟು ಪಾಲು ಮೇಲಿರುತ್ತದೆ ಅನ್ನೋದು ಡ್ಯೂಟಿ. ಫ್ಯಾಮಿಕಾಮ್‌ನ ಸದ್ದಿನ ಚಿಪ್‌ನಲ್ಲಿ ಈ ಅಲೆ ಹುಟ್ಟಿಸುವ ಪಲ್ಸ್ ಚಾನೆಲ್‌ಗೆ ಇದರಲ್ಲಿ ನಾಲ್ಕೇ ಆಯ್ಕೆ: ಶೇಕಡಾ 12.5, 25, 50, 75. ಐವತ್ತರ ಸದ್ದು ಟೊಳ್ಳಾಗಿ, ದುಂಡಗೆ ಕೇಳುತ್ತದೆ. 12.5 ಮೂಗಿನಲ್ಲಿ ಹಾಡಿದ ಹಾಗೆ. 25 ಮತ್ತು 75 ಕಿವಿಗೆ ಒಂದೇ, ಯಾಕಂದರೆ ಒಂದನ್ನು ತಲೆಕೆಳಗು ಮಾಡಿದರೆ ಇನ್ನೊಂದು. ನೆಗೆತಕ್ಕೆ ನಾನು 25 ಆರಿಸಿಕೊಂಡೆ.

ಕಷ್ಟ ಶುರುವಾಗಿದ್ದು ಶ್ರುತಿ ಏರಿಸುವಾಗ. 0.2 ಸೆಕೆಂಡಿನಲ್ಲಿ 200 ಹರ್ಟ್ಸ್‌ನಿಂದ 800ಕ್ಕೆ ಸಮವಾಗಿ ಏರಬೇಕು. ಆ ಕ್ಷಣದ ಫ್ರೀಕ್ವೆನ್ಸಿಯನ್ನು ಸಮಯದಿಂದ ಗುಣಿಸಿ ಫೇಸ್ (ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಅನ್ನೋದು) ಲೆಕ್ಕ ಹಾಕಿದೆ. ಸದ್ದು ಕೀಚಲಾಗಿ ಬಂತು. ಒಂದು ಸಂಜೆಯೆಲ್ಲ ಹುಡುಕಿದ ಮೇಲೆ ಗೊತ್ತಾಯಿತು: ಕೊನೆಯಲ್ಲಿ ಅದು 800 ಅಲ್ಲ, 1,400 ಹರ್ಟ್ಸ್ ಮುಟ್ಟುತ್ತಿತ್ತು. ಫ್ರೀಕ್ವೆನ್ಸಿ ಬದಲಾಗುತ್ತಿರುವಾಗ ಹೀಗೆ ಗುಣಿಸಿದರೆ, ಹೊಸ ಫ್ರೀಕ್ವೆನ್ಸಿ ಮೊದಲಿನಿಂದಲೇ ಇತ್ತು ಅಂತ ಲೆಕ್ಕ ಹಾಕಿದಂತಾಗುತ್ತದೆ. ಹಾಗಾಗಿ ಏರಿಕೆ ಎರಡರಷ್ಟಾಗುತ್ತದೆ. ಗುಣಿಸಬಾರದು, ಕೂಡಿಸುತ್ತಾ ಹೋಗಬೇಕು. ಪ್ರತಿ ಸ್ಯಾಂಪಲ್‌ಗೆ ಫ್ರೀಕ್ವೆನ್ಸಿಯನ್ನು 44,100ರಿಂದ ಭಾಗಿಸಿ ಹಿಂದಿನ ಫೇಸ್‌ಗೆ ಸೇರಿಸಿ, 1 ದಾಟಿದರೆ 1 ಕಳೆಯಿರಿ. ಫೇಸ್ 0.25ಕ್ಕಿಂತ ಕಡಿಮೆ ಇದ್ದರೆ ಮೇಲೆ, ಇಲ್ಲವಾದರೆ ಕೆಳಗೆ. ಈ ಒಂದು ಸಾಲು ಸರಿಯಾದ ತಕ್ಷಣ ‘ಟುಯ್’ ಬಂತು. ಅದನ್ನೇ ಎಷ್ಟು ಸಲ ಕೇಳಿದೆನೋ!

ವಾಲ್ಯೂಮ್‌ನಲ್ಲಿ ಇನ್ನೊಂದು ಪಾಠ ಕಲಿತೆ. ಮೊದಲು ನುಣುಪಾಗಿ ಇಳಿಸಿದ್ದೆ. ಚೆನ್ನಾಗೇ ಇತ್ತು, ಆದರೆ ಹಳೆಯದು ಅನಿಸಲಿಲ್ಲ. ಆ ಚಿಪ್‌ನಲ್ಲಿ ಪಲ್ಸ್‌ಗೆ ಇದ್ದದ್ದು ಸೊನ್ನೆಯಿಂದ 15ರವರೆಗೆ 16 ಮಟ್ಟ ಮಾತ್ರ. ಗೇಮ್‌ಗಳು ಸಾಮಾನ್ಯವಾಗಿ ಫ್ರೇಮಿಗೊಮ್ಮೆ, ಅಂದರೆ ಸೆಕೆಂಡಿಗೆ ಸುಮಾರು 60 ಸಲ ಅದನ್ನು ಬದಲಿಸುತ್ತಿದ್ದವು. ನಾನೂ 735 ಸ್ಯಾಂಪಲ್‌ಗೊಮ್ಮೆ ಮಾತ್ರ ಒಂದೊಂದು ಮೆಟ್ಟಿಲು ಇಳಿಸಿದೆ. ಆ ಒರಟುತನದಲ್ಲೇ ಜೀವ ಇದೆ ಅಲ್ವಾ!

ಏರುಶ್ರುತಿಯಲ್ಲಿ ಒಂದು ಎಚ್ಚರಿಕೆ. 3,000 ಹರ್ಟ್ಸ್‌ನ ಸ್ಕ್ವೇರ್ ವೇವ್‌ನಲ್ಲಿ 45,000 ಹರ್ಟ್ಸ್‌ನ ಹಾರ್ಮಾನಿಕ್ (ಮೂಲ ಶ್ರುತಿಯ ಪಟ್ಟುಗಳಲ್ಲಿ ಬರುವ ಉಪಸ್ವರ) ಕೂಡ ಇರುತ್ತದೆ. 44,100ರ ಸ್ಯಾಂಪಲಿಂಗ್‌ಗೆ ಅದನ್ನು ಹಿಡಿಯಲು ಆಗುವುದಿಲ್ಲ. ಅದು ಮಡಚಿಕೊಂಡು 900 ಹರ್ಟ್ಸ್ ಆಗಿ ಕೆಳಗೆ ಗುಂಯ್‌ಗುಡುತ್ತದೆ. ಎಂಟು ಪಟ್ಟು ವೇಗದಲ್ಲಿ ಅಲೆ ತಯಾರಿಸಿ, ಎಂಟೆಂಟು ಸ್ಯಾಂಪಲ್‌ಗಳ ಸರಾಸರಿ ತೆಗೆದೆ. ಪೂರ್ತಿ ಹೋಗದಿದ್ದರೂ ಕಿರಿಕಿರಿ ಬಹಳ ತಗ್ಗಿತು.

ನೆಗೆದವನು ನೆಲಕ್ಕೆ ಬೀಳಲೂ ಬೇಕಲ್ಲ, ಅದಕ್ಕೆ ನಾಯ್ಸ್, ಅಂದರೆ ಶ್ರುತಿಯಿಲ್ಲದ ಗದ್ದಲ. ಸುಮ್ನೆ ರ‍್ಯಾಂಡಮ್ ಸಂಖ್ಯೆ ಸುರಿದರೆ ಮಳೆ ಸುರಿದ ಹಾಗೆ ಕೇಳಿತು. ಆ ಚಿಪ್ ಬಳಸುತ್ತಿದ್ದದ್ದು 15 ಬಿಟ್‌ನ ಶಿಫ್ಟ್ ರಿಜಿಸ್ಟರ್, ಅಂದರೆ ಜಾಗ ಸರಿಯುತ್ತಾ ಹೋಗುವ ಸೊನ್ನೆ-ಒಂದುಗಳ ಸಾಲು: ಕೊನೆಯ ಎರಡು ಬಿಟ್‌ಗಳ ಎಕ್ಸಾರ್ (ಎರಡೂ ಬೇರೆಯಾಗಿದ್ದರೆ 1, ಒಂದೇ ಆಗಿದ್ದರೆ 0) ತೆಗೆದು, ಎಲ್ಲವನ್ನೂ ಒಂದು ಜಾಗ ಸರಿಸಿ, ಆ ಫಲಿತಾಂಶವನ್ನು ಮೊದಲಿಗೆ ತುಂಬುವುದು. 32,767 ಹೆಜ್ಜೆಗಳಾದ ಮೇಲೆ ಅದೇ ಸಾಲು ಮತ್ತೆ ಬರುತ್ತದೆ. ರಿಜಿಸ್ಟರ್ ಪೂರ್ತಿ ಸೊನ್ನೆಯಿಂದ ಶುರುವಾಗಬಾರದು, ಹಾಗೆ ಶುರುವಾದರೆ ಸದ್ದೇ ಬರುವುದಿಲ್ಲ. ಪ್ರತಿ ಬಿಟ್ಟನ್ನೂ ಹತ್ತಿಪ್ಪತ್ತು ಸ್ಯಾಂಪಲ್ ಹಿಡಿದಿಟ್ಟರೆ ಮಳೆ ಹೋಗಿ ಗುಡುಗು ಬರುತ್ತದೆ. ನಾನು 20 ಇಟ್ಟು, ವಾಲ್ಯೂಮನ್ನು ಆರೇ ಫ್ರೇಮಿನಲ್ಲಿ ಇಳಿಸಿದೆ. ಈಗ ನೆಗೆದರೆ ‘ಟುಯ್’, ಇಳಿದರೆ ‘ದಬ್’.