ವ್ಯಾನಿಗೆ ಮೂರನೇ ಆಕ್ಸಲ್: ಮೊದಲು ತೂಕ, ಆಮೇಲೆ ಗರಗಸ

ಆರು ಚಕ್ರ ಅಂದ ತಕ್ಷಣ ನಮ್ಮ ಕಣ್ಮುಂದೆ ಬರುವುದು ಹಿಂದೆ ಡಬಲ್ ಟೈರ್ ಇರುವ ಲಾರಿ. ಅದರಲ್ಲಿ ಆಕ್ಸಲ್ (ಎಡ-ಬಲ ಚಕ್ರಗಳನ್ನು ಹೊರುವ ಅಡ್ಡ ದಂಡ) ಎರಡೇ. ಇಲ್ಲಿ ಹೇಳುತ್ತಿರುವುದು ಬೇರೆ. ಹಿಂಬದಿಯಲ್ಲಿ ಒಂದರ ಹಿಂದೆ ಒಂದು ಎರಡು ಆಕ್ಸಲ್, ಎಲ್ಲಾ ಕಡೆ ಸಿಂಗಲ್ ಟೈರ್. ಜರ್ಮನಿಯ ಹೆದ್ದಾರಿಗಳಲ್ಲಿ ದೊಡ್ಡ ಕ್ಯಾಂಪರ್ ವ್ಯಾನುಗಳನ್ನು, ಅಂದರೆ ಒಳಗೇ ಉಂಡು ಮಲಗುವ ಪ್ರವಾಸಿ ಗಾಡಿಗಳನ್ನು, ನೋಡಿದವರಿಗೆ ಇದು ಗೊತ್ತಿರುತ್ತದೆ. ಅಲ್ಲಿ ಕೆಲಸದಲ್ಲಿರುವ ಗೆಳೆಯನೊಬ್ಬ ತನ್ನ ಫಿಯಟ್ ಡುಕಾಟೊ ವ್ಯಾನು ಹೆಚ್ಚು ಭಾರ ಹೊರಲೆಂದು ಹೀಗೆ ಮಾಡಿಸಬೇಕೆಂದು ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಿನ ಗ್ಯಾರೇಜಿನಲ್ಲಿ ಇದನ್ನು ಮಾಡಲು ಹೋಗಬೇಡಿ. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ.

ತೂಕ ಹಾಕಿಸಿ

ವ್ಯಾನನ್ನು ಪ್ರಯಾಣಕ್ಕೆ ಹೊರಡುವಾಗಿನ ಹಾಗೆಯೇ ತುಂಬಿ. ನೀರಿನ ಟ್ಯಾಂಕ್, ಗ್ಯಾಸ್ ಸಿಲಿಂಡರ್, ಪಾತ್ರೆ, ಹಾಸಿಗೆ, ಕೂರುವ ಜನ ಎಲ್ಲಾ ಇರಲಿ. ನೂರು ಲೀಟರ್ ನೀರೆಂದರೆ ನೂರು ಕೆಜಿ, ಮರೆಯಬೇಡಿ. ವೇಬ್ರಿಜ್‌ನಲ್ಲಿ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಎರಡನ್ನೂ ಬೇರೆ ಬೇರೆಯಾಗಿ ತೂಗಿಸಿ.

ಇಲ್ಲೇ ಎಷ್ಟೋ ಜನರ ಲೆಕ್ಕ ತಪ್ಪುವುದು. ಎರಡು ಆಕ್ಸಲ್ ನಡುವೆ 4 ಮೀಟರ್ ಇದೆ ಅನ್ನಿ. ಹಿಂದಿನ ಆಕ್ಸಲ್‌ನಿಂದ 1 ಮೀಟರ್ ಆಚೆಗೆ 200 ಕೆಜಿಯ ಸ್ಕೂಟರ್ ನೇತುಹಾಕಿದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 200 ಅಲ್ಲ, 250 ಕೆಜಿ. ಉಳಿದ 50 ಬಂದಿದ್ದು ಮುಂದಿನ ಚಕ್ರಗಳಿಂದ. ತಕ್ಕಡಿ ಇದ್ದ ಹಾಗೆ, ಹಿಂದೆ ಒತ್ತಿದರೆ ಮುಂದೆ ಹಗುರ. ಡುಕಾಟೊದಲ್ಲಿ ಎಳೆಯುವುದೂ ತಿರುಗುವುದೂ ಮುಂದಿನ ಚಕ್ರಗಳೇ. ಅವು ಹಗುರವಾದರೆ ಒದ್ದೆ ಏರಿನಲ್ಲಿ ಸುಮ್ನೆ ತಿರುಗುತ್ತಾ ನಿಲ್ಲುತ್ತವೆ. ಇನ್ನೊಂದು ಆಕ್ಸಲ್ ಹಾಕಿದರೂ ಈ ತೊಂದರೆ ತಾನಾಗಿ ಹೋಗುವುದಿಲ್ಲ. ಸಾಮಾನನ್ನು ಮುಂದಕ್ಕೆ ಸರಿಸಿದರೇ ಹೋಗುವುದು.

ತೂಕ ಮಿತಿಯನ್ನು ಮೀರಿರುವುದು ಸ್ವಲ್ಪವೇ ಆದರೆ ಟೈರ್ ನೋಡಿ. ಟೈರಿನ ಪಕ್ಕದಲ್ಲಿ 109 ಅಂತಿದ್ದರೆ ಅದು ಹೊರುವುದು 1,030 ಕೆಜಿ, 116 ಅಂತಿದ್ದರೆ 1,250, 121 ಆದರೆ 1,450. ಟೈರ್ ಬದಲಿಸಿ, ಸ್ಪ್ರಿಂಗಿಗೆ ಏರ್ ಬ್ಯಾಗ್ (ಭಾರ ಹೊರುವ, ಗಾಳಿ ತುಂಬಿದ ರಬ್ಬರ್ ಚೀಲ) ಸೇರಿಸಿ, ಕಾಗದಪತ್ರದಲ್ಲಿ ತೂಕದ ಮಿತಿಯನ್ನು ಸ್ವಲ್ಪ ಏರಿಸಿಕೊಂಡರೆ ಬಹಳ ಜನರಿಗೆ ಅಷ್ಟೇ ಸಾಕು. ನನ್ನ ಗೆಳೆಯನಿಗೂ ಮೊದಲು ಹೇಳಿದ್ದು ಇದನ್ನೇ.

ಕತ್ತರಿಸುವ ಮುಂಚೆ ಕೇಳಿ

ಜರ್ಮನಿಯಲ್ಲಿ ಗಾಡಿಗಳ ತಪಾಸಣೆ ಮಾಡುವ ಟಿಯುವಿ ಸಂಸ್ಥೆಯ ಇನ್ಸ್‌ಪೆಕ್ಟರ್ ಹತ್ತಿರ ನಕ್ಷೆ ತೆಗೆದುಕೊಂಡು ಹೋಗಿ. ಕೆಲಸ ಮುಗಿಸಿ ಹೋದರೆ ತಡವಾಯಿತು. ಸಾಮಾನ್ಯ ಬಿ ಲೈಸೆನ್ಸ್‌ನಲ್ಲಿ ಓಡಿಸಬಹುದಾದ ವ್ಯಾನಿನ ಮಿತಿ 3.5 ಟನ್. ಅದಕ್ಕೂ ಮೇಲೆ 7.5 ಟನ್‌ವರೆಗೆ ಸಿ1 ಲೈಸೆನ್ಸ್ ಬೇಕು. ಬ್ರಿಟನ್ನಿನಲ್ಲಿ 2025ರವರೆಗೆ ಅಂಕದ ಲೆಕ್ಕ ಇತ್ತು. ಗಾಡಿಯ ಹಳೇ ನೋಂದಣಿ ನಂಬರ್ ಉಳಿಸಿಕೊಳ್ಳಲು 8 ಅಂಕ ಬೇಕಿತ್ತು, ಅದರಲ್ಲಿ 5 ಅಂಕ ಕೈಹಾಕದ ಮೂಲ ಚಾಸಿಗೇ (ಗಾಡಿಯ ಅಡಿ ಚೌಕಟ್ಟಿಗೇ). ಚಾಸಿ ಕತ್ತರಿಸಿದರೆ ಆ 5 ಹೋಗುತ್ತಿತ್ತು.

ಚಾಸಿ

ಮುಂದಿನ ಚಕ್ರ ಎಳೆಯುವ ವ್ಯಾನಿನಲ್ಲಿ ಕೆಲಸ ಸುಲಭ. ಹಿಂದೆ ಶಾಫ್ಟ್ ಇಲ್ಲ, ಗೇರಿಲ್ಲ, ಬರೀ ಹೊರುವ ಆಕ್ಸಲ್. ಪಿಯೆರ್ ಟಿಸ್ಸಿಯೆ ಎಂಬ ಫ್ರಾನ್ಸಿನ ಬಾಡಿ ಕಟ್ಟುವವರು ಸಿಟ್ರೊಯೆನ್ ಸಿಎಕ್ಸ್ ಕಾರನ್ನು ಉದ್ದ ಮಾಡಿ ಆರು ಚಕ್ರದ ಗಾಡಿ ಮಾಡಿದ್ದೂ ಇದೇ ಅನುಕೂಲದಿಂದ. ರಾತ್ರೋರಾತ್ರಿ ದಿನಪತ್ರಿಕೆಯ ಕಟ್ಟುಗಳನ್ನು ಹೊತ್ತು ಓಡುತ್ತಿದ್ದ ಗಾಡಿಗಳು ಅವು.

ಈಗಿನ ಒಳ್ಳೆಯ ದಾರಿ ಜರ್ಮನಿಯ ಆಲ್-ಕೊ ಮಾಡುವಂಥ ರೆಡಿ ಚಾಸಿ. ಫಿಯಟ್ ಕಂಪನಿ ಬರೀ ಕ್ಯಾಬಿನ್‌ಗಳನ್ನು ಎರಡೆರಡರಂತೆ ಬೆನ್ನಿಗೆ ಬೆನ್ನು ಜೋಡಿಸಿ ಕಳಿಸುತ್ತದೆ. ಅವನ್ನು ಬಿಡಿಸಿ, ಪ್ರತಿ ಕ್ಯಾಬಿನ್‌ನ ಹಿಂದೆ ಸತುವಿನ ಲೇಪವಿರುವ ಹಗುರ ಚಾಸಿಯನ್ನು ಬೋಲ್ಟ್ ಹಾಕಿ ಕೂರಿಸುತ್ತಾರೆ. ಹಳೇ ವ್ಯಾನಿನ ಚಾಸಿಗೆ ತುಂಡು ಕಬ್ಬಿಣ ವೆಲ್ಡ್ ಮಾಡಿಸುವ ಯೋಚನೆ ಬಿಟ್ಟುಬಿಡಿ. ವೆಲ್ಡಿನ ಅಂಚಿನಲ್ಲೇ ಬಿರುಕು ಶುರುವಾಗುವುದು.

ಎರಡು ಆಕ್ಸಲ್‌ಗೂ ಸಮ ಭಾರ

ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಇಲ್ಲಿ. ಹಂಪ್ ಹತ್ತುವಾಗ ಮಧ್ಯದ ಚಕ್ರ ಮೇಲೇಳುತ್ತದೆ, ಹಿಂದಿನದು ಹಗುರವಾಗುತ್ತದೆ. ಆ ಗಳಿಗೆಯಲ್ಲಿ ಎರಡರ ಭಾರ ಒಂದರ ಮೇಲೇ. ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಇದ್ದರೆ ಎರಡರ ನಡುವೆ ಏತದ ಹಾಗೆ ಆಡುವ ತೋಳು ಬೇಕು. ಏರ್ ಬ್ಯಾಗ್ ಆದರೆ ಒಂದೇ ಬದಿಯ ಎರಡು ಬ್ಯಾಗುಗಳನ್ನು ಪೈಪಿನಿಂದ ಜೋಡಿಸಬೇಕು. ಗಾಳಿಯ ಒತ್ತಡ ಸಮವಾದರೆ ಭಾರವೂ ಸಮ. ಎಡ-ಬಲ ಬ್ಯಾಗುಗಳನ್ನು ಮಾತ್ರ ಜೋಡಿಸಬೇಡಿ. ತಿರುವಿನಲ್ಲಿ ಗಾಡಿ ವಾಲುತ್ತದೆ.

225/75 ಆರ್16 ಟೈರಿನ ಎತ್ತರ ಸುಮಾರು 74 ಸೆಂ.ಮೀ. ಆಕ್ಸಲ್‌ಗಳ ನಡುವೆ ಅದಕ್ಕಿಂತ ಜಾಸ್ತಿ ಜಾಗ ಬಿಡಿ, ಕೆಸರು ಹಿಮ ಸಿಕ್ಕಿಕೊಳ್ಳದ ಹಾಗೆ. ಅತಿಯಾಗಿಯೂ ಬಿಡಬೇಡಿ. ಈ ಚಕ್ರಗಳು ತಿರುಗಿಕೊಳ್ಳುವುದಿಲ್ಲ ಅಲ್ವಾ? ಪಾರ್ಕಿಂಗ್‌ನಲ್ಲಿ ಪೂರ್ತಿ ಸ್ಟೀರಿಂಗ್ ತಿರುಗಿಸಿದಾಗ ಹಿಂದಿನ ಟೈರುಗಳು ಅಡ್ಡಕ್ಕೆ ಉಜ್ಜುತ್ತವೆ, ಡಾಂಬರಿನ ಮೇಲೆ ಕಪ್ಪು ಗೀರು ಬೀಳುತ್ತದೆ. ಅಂತರ ಹೆಚ್ಚಿದಷ್ಟೂ ಸವೆತ ಹೆಚ್ಚು.

ಬ್ರೇಕ್

ಹೊಸ ಚಕ್ರಗಳಿಗೂ ಬ್ರೇಕ್ ಬೇಕೇ ಬೇಕು. ಸುಮ್ನೆ ಪೈಪ್ ಎಳೆದರೆ ಆಗುವುದಿಲ್ಲ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ತಳ್ಳುವ ಬ್ರೇಕ್ ಎಣ್ಣೆ ಆರು ಚಕ್ರಕ್ಕೆ ಸಾಲಬೇಕು. ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ನಾಲ್ಕು ಚಕ್ರದ ಲೆಕ್ಕಕ್ಕೆ ಹೊಂದಿಸಿರುತ್ತದೆ. ಇದನ್ನು ಪರೀಕ್ಷೆ ಮಾಡಿ ಬರವಣಿಗೆಯಲ್ಲಿ ಕೊಡುವ ವರ್ಕ್‌ಶಾಪಿಗೇ ಒಪ್ಪಿಸಿ.

ಮತ್ತೆ ವೇಬ್ರಿಜ್‌ಗೆ

ಸುಮಾರು 50 ಕಿ.ಮೀ. ಓಡಿಸಿ, ಚಕ್ರದ ನಟ್‌ಗಳನ್ನು ಟಾರ್ಕ್ ಸ್ಪ್ಯಾನರ್‌ನಲ್ಲಿ ಮತ್ತೆ ಬಿಗಿ ಮಾಡಿ. ಆಮೇಲೆ ಪೂರ್ತಿ ತುಂಬಿದ ವ್ಯಾನಿನ ಮೂರು ಆಕ್ಸಲ್‌ಗಳನ್ನೂ ಒಂದೊಂದಾಗಿ ತೂಗಿಸಿ. ತೋಳಾಗಲಿ ಜೋಡಿಸಿದ ಏರ್ ಬ್ಯಾಗಾಗಲಿ ಇಲ್ಲದ ವ್ಯಾನಿನಲ್ಲಿ ಕೊನೆಯ ಆಕ್ಸಲ್ ಮಧ್ಯದ್ದಕ್ಕಿಂತ ತುಂಬಾ ಭಾರ ತೋರಿಸಿದರೆ ಗಾಡಿಯ ಮೂತಿ ಮೇಲಕ್ಕೆ ಎದ್ದಿದೆ ಎಂದರ್ಥ. ಸಾಮಾನನ್ನು ಮುಂದಕ್ಕೆ ಸರಿಸಿ, ಎತ್ತರ ಸರಿಮಾಡಿಸಿ, ಇನ್ನೊಮ್ಮೆ ತೂಗಿಸಿ.