ಕನ್ನಡಿಯ ಮುಂದಿನ ತಪಾಸಣೆ

‘ನಿನ್ನ ದೇಹವನ್ನು ನೀನು ಪ್ರೀತಿಸು’ ಎಂಬ ಉಪದೇಶ ನನಗೆ ಯಾವತ್ತೂ ದಕ್ಕಲಿಲ್ಲ. ಹೊಟ್ಟೆಯ ಮಡಿಕೆ ಕಂಡರೆ ಮುಖ ಸಿಂಡರಿಸುವವಳಿಗೆ ಅದನ್ನೇ ಮುದ್ದಿಸು ಎಂದರೆ ಆಗುವ ಮಾತೇ? ಪ್ರೀತಿಯನ್ನು ಪಕ್ಕಕ್ಕಿಟ್ಟು, ತಪಾಸಣೆ ಕಡಿಮೆ ಮಾಡಲು ಹೊರಟೆ.

ಸ್ನಾನ ಮುಗಿದ ಕೂಡಲೇ ಪಕ್ಕಕ್ಕೆ ತಿರುಗಿ, ಹೊಟ್ಟೆ ಒಳಗೆಳೆದು ನೋಡುವುದು, ಕುಳಿತಲ್ಲೇ ತೋಳಿನ ಹಿಂಭಾಗವನ್ನು ಚಿವುಟಿ ಅಳೆಯುವುದು, ಲಿಫ್ಟಿನ ಬಾಗಿಲ ಹೊಳಪಿನಲ್ಲೂ ಗಲ್ಲವನ್ನು ಹುಡುಕುವುದು: ನನ್ನ ತಪಾಸಣೆ ಎಂದರೆ ಇವು. ನೋಡಿದಾಗ ಆತಂಕ ಕ್ಷಣಕಾಲ ತಗ್ಗುತ್ತದೆ, ಆಮೇಲೆ ಮತ್ತೆ ನೋಡಬೇಕೆನಿಸುತ್ತದೆ. ಹೀಗೆ ಪದೇ ಪದೇ ನೋಡುವುದೇ ಕೊರಗನ್ನು ಜೀವಂತವಾಗಿ ಇಡುತ್ತದೆ ಎನ್ನುತ್ತಾರೆ ಮನಶ್ಶಾಸ್ತ್ರಜ್ಞರು. ಪ್ರತಿ ಸಲವೂ ಚಿಕ್ಕ ಪುಸ್ತಕದಲ್ಲಿ ಎರಡು ಸಂಗತಿ ಬರೆದೆ: ಏನು ನೋಡಿದೆ, ಅದಕ್ಕೆ ಮುಂಚೆ ಏನಾಗಿತ್ತು. ಪುಟಗಳು ತುಂಬಿದಂತೆ ಗುಟ್ಟು ಬಯಲಾಯಿತು. ಮೈ ದಪ್ಪಗಾದ ದಿನಕ್ಕಿಂತ, ಕೆಲಸದಲ್ಲಿ ಬೈಸಿಕೊಂಡ ದಿನವೇ ನಾನು ಹೆಚ್ಚು ಚಿವುಟುತ್ತಿದ್ದೆ. ಸಿಟ್ಟು ಯಾರ ಮೇಲೋ, ಶಿಕ್ಷೆ ತೋಳಿಗೆ!

ಕನ್ನಡಿಯನ್ನು ಮಾತ್ರ ಬಿಡಲಿಲ್ಲ, ನೋಡುವ ರೀತಿ ಬದಲಿಸಿದೆ. ಪೂರ್ತಿ ಮೈ ಕಾಣುವಷ್ಟು ಹಿಂದೆ ನಿಂತು, ಅಳತೆ ಬರೆದುಕೊಳ್ಳುವ ದರ್ಜಿಯಂತೆ ತಲೆಯಿಂದ ಪಾದದವರೆಗೆ ಗಟ್ಟಿಯಾಗಿ ಹೇಳುತ್ತಾ ಹೋಗುವುದು. ‘ಬಲಭುಜ ಕೊಂಚ ಕೆಳಗಿದೆ. ಹೊಕ್ಕುಳ ಕೆಳಗೆ ಎರಡು ಮಡಿಕೆ. ತೊಡೆಯ ಮೇಲೆ ಬಿಳಿ ಗೆರೆಗಳು.’ ‘ಅಸಹ್ಯ’, ‘ಛೀ’ ನಿಷಿದ್ಧ. ಮೊದಮೊದಲು ಹೊಟ್ಟೆಯ ಹತ್ತಿರ ಬಂದಾಗ ಗಂಟಲು ಕಟ್ಟುತ್ತಿತ್ತು. ಬರಬರುತ್ತಾ ಬೇಸರ ಬಂತು. ನನಗೆ ಬೇಕಾಗಿದ್ದದ್ದೂ ಆ ಬೇಸರವೇ. ಚಿಕಿತ್ಸಕರೂ ಇಂಥದೇ ಕನ್ನಡಿ ಅಭ್ಯಾಸ ಮಾಡಿಸುತ್ತಾರೆ, ಸಂಕಟ ತೀವ್ರವಾಗಿರುವವರು ಅವರ ಜೊತೆಯಲ್ಲಿ ಮಾಡುವುದೇ ಕ್ಷೇಮ. ಊಟ ಬಿಡುವುದು, ತಿಂದದ್ದನ್ನು ವಾಂತಿ ಮಾಡುವುದು ಶುರುವಾಗಿದ್ದರೆ ಮನೋವೈದ್ಯರನ್ನು ಕಾಣಲೇಬೇಕು, ಅದು ನನ್ನ ಪುಸ್ತಕಕ್ಕೆ ನಿಲುಕುವ ವಿಷಯವಲ್ಲ.

ತೂಕದ ಯಂತ್ರ ಅಟ್ಟ ಸೇರಿತು. ಉಪ್ಪು, ನೀರು, ಮಲಬದ್ಧತೆ, ಮುಟ್ಟು ಇವುಗಳಿಂದಲೇ ತೂಕ ಒಂದೆರಡು ಕಿಲೋ ಏರಿಳಿಯಬಹುದು, ಕೊಬ್ಬಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನು ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಅಂಕಿ. ಅದರ ಸೂತ್ರ 19ನೇ ಶತಮಾನದ ಬೆಲ್ಜಿಯಂ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕ್ವೆಟ್ಲೆಯದು. ಅವನು ಹುಡುಕುತ್ತಿದ್ದದ್ದು ಜನಸಮೂಹದ ಸರಾಸರಿಯನ್ನು. ಸ್ನಾಯು ಯಾವುದು, ಕೊಬ್ಬು ಯಾವುದು ಎಂದು ಆ ಅಂಕಿ ಹೇಳುವುದಿಲ್ಲ. ವೈದ್ಯರು ರಕ್ತದೊತ್ತಡ, ಸಕ್ಕರೆಯ ಜೊತೆಗೆ ಅದನ್ನೂ ನೋಡಲಿ, ನನ್ನ ತಕರಾರಿಲ್ಲ. ಬೆಳಗಿನ ಮನಃಸ್ಥಿತಿಯನ್ನು ನಿರ್ಧರಿಸುವ ಅಧಿಕಾರ ಮಾತ್ರ ಅದಕ್ಕಿಲ್ಲ.

ನನ್ನ ಮೂಗಿನ ವಿಷಯದಲ್ಲಿ ನೆರವಿಗೆ ಬಂದದ್ದು 2018ರ ಒಂದು ಲೆಕ್ಕ: ಸುಮಾರು 30 ಸೆಂಟಿಮೀಟರ್ ದೂರದಿಂದ ತೆಗೆದ ಸೆಲ್ಫಿಯಲ್ಲಿ, ಒಂದೂವರೆ ಮೀಟರ್ ದೂರದ ಚಿತ್ರಕ್ಕಿಂತ ಮೂಗು ಶೇ 30ರಷ್ಟು ಅಗಲವಾಗಿ ಕಾಣುತ್ತದೆಯಂತೆ. ಎಷ್ಟೋ ವರ್ಷ ಹಳಿದದ್ದು ಕ್ಯಾಮೆರಾ ಹತ್ತಿರವಿದ್ದುದರ ಪರಿಣಾಮವನ್ನು!

ಎಲ್ಲಕ್ಕಿಂತ ಕಷ್ಟವಾದದ್ದು ಬಟ್ಟೆ. ‘ಸಣ್ಣಗಾದ ಮೇಲೆ ಹಾಕಿಕೊಳ್ಳುತ್ತೇನೆ’ ಎಂದು ಎತ್ತಿಟ್ಟ ಪ್ಯಾಂಟುಗಳು ಬೀರು ತೆರೆದಾಗಲೆಲ್ಲ ಛೇಡಿಸುತ್ತಿದ್ದವು. ಅವನ್ನು ಕೊಟ್ಟುಬಿಟ್ಟು, ಈಗಿನ ಸೊಂಟಕ್ಕೆ ಒಪ್ಪುವಂಥವನ್ನು ತಂದೆ. ದಿನವಿಡೀ ಸೊಂಟಪಟ್ಟಿ ಒತ್ತದಿದ್ದರೆ ಹೊಟ್ಟೆಯ ನೆನಪೇ ಬರುವುದಿಲ್ಲ.

ಬಂಧುಗಳ ಬಾಯಿಯನ್ನು ಮುಚ್ಚಿಸಲಾಗದು. ‘ಎಷ್ಟು ದಪ್ಪಗಾಗಿದ್ದೀಯೇ!’ ಎಂದರೆ ‘ಹೌದು ಚಿಕ್ಕಮ್ಮ, ನಿಮ್ಮ ಮಂಡಿನೋವು ಹೇಗಿದೆ?’ ಎನ್ನುತ್ತೇನೆ. ಮುಂದಿನ ಅರ್ಧ ಗಂಟೆ ಮಂಡಿಯದೇ ಮಾತು.