ಆರ್‌ವಿ ನಲ್ಲಿಯಲ್ಲಿ ಕೊಳೆತ ಮೊಟ್ಟೆಯ ವಾಸನೆಯೇ? ಮೊದಲು ಮೂಲ ಹುಡುಕಿ, ಆಮೇಲೆ ತೊಳೆಯಿರಿ

ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹಿಮ ಕರಗಿತೆಂದರೆ, ಚಳಿಗಾಲವಿಡೀ ಹೊದಿಕೆಯಡಿಯಲ್ಲಿ ನಿಂತಿದ್ದ ಆರ್‌ವಿಗಳು ಒಂದೊಂದಾಗಿ ರಸ್ತೆಗಿಳಿಯುತ್ತವೆ. ಅಡುಗೆಮನೆ, ಹಾಸಿಗೆ, ಬಚ್ಚಲು, ಶೌಚಾಲಯ ಎಲ್ಲವನ್ನೂ ಹೊತ್ತು ಚಲಿಸುವ ಈ ಮನೆಯನ್ನು ಬಾಡಿಗೆಗೆ ಪಡೆದೋ ಸ್ವಂತಕ್ಕೆ ಕೊಂಡೋ, ಊರಿನಿಂದ ಬಂದ ತಂದೆತಾಯಿಯರನ್ನು ಕೂರಿಸಿಕೊಂಡು ಯೆಲ್ಲೊಸ್ಟೋನ್ ಕಡೆಗೆ ಹೊರಡುವ ಕನ್ನಡ ಕುಟುಂಬಗಳೂ ಅಲ್ಲಿವೆ. ಮೊದಲ ದಿನವೇ ನಲ್ಲಿ ತಿರುಗಿಸಿದಾಗ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿದರೆ, ಆ ನೀರನ್ನು ಕುಡಿಯುವುದಿರಲಿ, ಅದರಲ್ಲಿ ಮುಖ ತೊಳೆಯಲೂ ಹಿರಿಯರು ಹಿಂಜರಿಯುತ್ತಾರೆ. ಆಗ ಕೈ ನೇರವಾಗಿ ಬ್ಲೀಚ್ ಬಾಟಲಿಗೆ ಹೋಗುತ್ತದೆ. ಆದರೆ ವಾಸನೆ ಹುಟ್ಟುತ್ತಿರುವುದು ಟ್ಯಾಂಕಿನಲ್ಲಿ ಅಲ್ಲವಾದರೆ ಅದಕ್ಕೆ ಎಷ್ಟು ಬ್ಲೀಚ್ ಸುರಿದರೂ ಪ್ರಯೋಜನವಿಲ್ಲ. ಒಂದೆರಡು ದಿನ ಮರೆಯಾಗಿದ್ದು ಮತ್ತೆ ಬರುತ್ತದೆ. ಆದ್ದರಿಂದ ಮೊದಲು ಮಾಡಬೇಕಾದದ್ದು ತೊಳೆಯುವ ಕೆಲಸವಲ್ಲ, ಹುಡುಕುವ ಕೆಲಸ.

ಅದಕ್ಕೂ ಮೊದಲು ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ನಲ್ಲಿಗಳೆಲ್ಲ ಮುಚ್ಚಿರುವಾಗಲೂ ವಾಹನದೊಳಗೆ ಇಂಥದೇ ವಾಸನೆ ಹಬ್ಬಿದ್ದರೆ ಅದು ನೀರಿನದ್ದಲ್ಲದಿರಬಹುದು. ಒಲೆಗೆ ಬಳಸುವ ಪ್ರೊಪೇನ್ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಸೋರಿದಾಗ ತಿಳಿಯಲೆಂದು ಅದಕ್ಕೆ ಗಂಧಕಯುಕ್ತ ರಾಸಾಯನಿಕವನ್ನು ಬೆರೆಸಿರುತ್ತಾರೆ, ಅದರ ವಾಸನೆಯೂ ಕೊಳೆತ ಮೊಟ್ಟೆಯನ್ನೇ ಹೋಲುತ್ತದೆ. ಅನುಮಾನ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಬಂದು ಸಿಲಿಂಡರಿನ ವಾಲ್ವ್ ಮುಚ್ಚಬೇಕು. ಅತಿಯಾಗಿ ಚಾರ್ಜ್ ಆಗುತ್ತಿರುವ ಲೆಡ್-ಆಸಿಡ್ ಬ್ಯಾಟರಿಯೂ ಇಂಥ ವಾಸನೆ ಬಿಡುತ್ತದೆ. ಇವೆರಡೂ ಅಲ್ಲವೆಂದು ಖಚಿತವಾದ ಮೇಲೆಯೇ ನೀರಿನ ಕಡೆಗೆ ತಿರುಗಬೇಕು.

ಗಾಜಿನ ಲೋಟದ ಪರೀಕ್ಷೆ

ಎರಡು ಸ್ವಚ್ಛವಾದ ಗಾಜಿನ ಲೋಟಗಳನ್ನು ತೆಗೆದುಕೊಂಡು ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಬಿಸಿನೀರು ಹಿಡಿಯಿರಿ. ಸಿಂಕಿನ ಬಳಿಯೇ ಮೂಸಿ ನೋಡಬೇಡಿ; ಲೋಟಗಳನ್ನು ವಾಹನದ ಹೊರಗೆ, ಗಾಳಿಯಾಡುವ ಜಾಗಕ್ಕೆ ಒಯ್ದು ನೋಡಿ. ಬಿಸಿನೀರು ಮಾತ್ರ ನಾರುತ್ತಿದ್ದರೆ ದೋಷ ಗೀಸರಿನಲ್ಲಿದೆ. ಎರಡೂ ನಾರುತ್ತಿದ್ದರೆ ಟ್ಯಾಂಕು, ಪೈಪು ಅಥವಾ ನೀರು ತುಂಬಿಸಿಕೊಂಡ ಮೂಲವೇ ಕಾರಣ. ಎರಡೂ ಲೋಟಗಳಲ್ಲಿ ವಾಸನೆ ಇಲ್ಲದೆ ಸಿಂಕಿನ ಹತ್ತಿರ ಮಾತ್ರ ಇದ್ದರೆ, ನೀರು ಚೆನ್ನಾಗಿಯೇ ಇದೆ, ಕೊಳಚೆ ಟ್ಯಾಂಕಿನ ಗಾಳಿ ಮೇಲೆ ಬರುತ್ತಿದೆ ಎಂದರ್ಥ.

ಎರಡೂ ನಾರುತ್ತಿರುವಾಗ ಇನ್ನೊಂದು ಲೋಟವನ್ನು ಕ್ಯಾಂಪಿಂಗ್ ಸ್ಥಳದ ನಲ್ಲಿಯಿಂದಲೇ ನೇರವಾಗಿ ಹಿಡಿದು ಹೋಲಿಸುವುದು ಒಳ್ಳೆಯದು. ಫ್ಲಾರಿಡಾದಂತಹ ಕಡೆ ಅನೇಕ ಬಾವಿಗಳ ನೀರಿನಲ್ಲೇ ಗಂಧಕದ ವಾಸನೆ ಇರುತ್ತದೆ. ಅಲ್ಲಿ ನಿಮ್ಮ ಟ್ಯಾಂಕನ್ನು ದೂರುವುದು ತಪ್ಪಾಗುತ್ತದೆ. ಆ ನೀರನ್ನು ಇದ್ದಿಲಿನ ಫಿಲ್ಟರಿನ ಮೂಲಕ ಹಾಯಿಸಬೇಕು, ಇಲ್ಲವೇ ಬೇರೆ ಕಡೆಯಿಂದ ತುಂಬಿಸಿಕೊಳ್ಳಬೇಕು.

ಗೀಸರಿನೊಳಗೆ ನಡೆಯುವುದೇನು

ಬಿಸಿನೀರಿನ ವಾಸನೆಯ ಕಥೆ ತಿಳಿದುಕೊಳ್ಳಲು ಯೋಗ್ಯವಾದದ್ದು. ವಾಸನೆಗೆ ಕಾರಣ ಹೈಡ್ರೋಜನ್ ಸಲ್ಫೈಡ್ ಅನಿಲ. ಯೆಲ್ಲೊಸ್ಟೋನಿನ ಕುದಿಯುವ ಕೆಸರುಕುಂಡಗಳ ಬಳಿ ನಿಂತಾಗ ಮೂಗಿಗೆ ಬರುವುದೂ ಇದೇ ಅನಿಲ. ನೀರಿನಲ್ಲಿ ಕರಗಿರುವ ಸಲ್ಫೇಟನ್ನು ಈ ಅನಿಲವಾಗಿ ಬದಲಿಸುವ ಒಂದು ಬಗೆಯ ಬ್ಯಾಕ್ಟೀರಿಯಾಗಳಿದ್ದು, ಅವು ಗಾಳಿಯ ಸಂಪರ್ಕವಿಲ್ಲದೆ ಬೆಚ್ಚಗೆ ನಿಂತ ನೀರಿನಲ್ಲಿ ಹುಲುಸಾಗಿ ಬೆಳೆಯುತ್ತವೆ. ಸಬರ್ಬನ್ ಕಂಪನಿಯ ಗೀಸರುಗಳಲ್ಲಿ ಉಕ್ಕಿನ ಟ್ಯಾಂಕಿಗೆ ತುಕ್ಕು ಹಿಡಿಯದಿರಲೆಂದು ಆನೋಡ್ ಎಂಬ ಕಡ್ಡಿಯನ್ನು ಇಳಿಬಿಟ್ಟಿರುತ್ತಾರೆ. ಸಾಮಾನ್ಯವಾಗಿ ಮೆಗ್ನೀಸಿಯಂನಿಂದ ಮಾಡಿದ ಆ ಕಡ್ಡಿ ತಾನು ಸವೆದು ಟ್ಯಾಂಕನ್ನು ಉಳಿಸುತ್ತದೆ. ಆದರೆ ಸವೆಯುವಾಗ ಅದು ಉಂಟುಮಾಡುವ ಹೈಡ್ರೋಜನ್ನೇ ಆ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಬೆಂಗಳೂರಿನ ಮನೆಗಳ ತಾರಸಿಯ ಸೋಲಾರ್ ಟ್ಯಾಂಕುಗಳಲ್ಲಿಯೂ ಮೆಗ್ನೀಸಿಯಂ ಕಡ್ಡಿ ಇದ್ದರೆ, ಬಹಳ ದಿನ ಬಳಸದೆ ಬಿಟ್ಟಾಗ ಇಂಥದೇ ವಾಸನೆ ಬರಬಹುದು, ಕಾರಣವೂ ಇದೇ.

ಇದನ್ನು ಸರಿಪಡಿಸಲು ಮೊದಲು ಗೀಸರಿನ ಅನಿಲ ಮತ್ತು ವಿದ್ಯುತ್ ಎರಡನ್ನೂ ಆರಿಸಿ, ನೀರಿನ ಪಂಪನ್ನು ನಿಲ್ಲಿಸಿ, ಹೊರಗಿನಿಂದ ಬರುವ ನೀರಿನ ಸಂಪರ್ಕವನ್ನು ತೆಗೆದು, ಒಳಗಿನ ನೀರು ಪೂರ್ತಿ ತಣ್ಣಗಾಗುವವರೆಗೆ ಕೆಲವು ಗಂಟೆ ಕಾಯಬೇಕು. ಕಾಯುವ ತಾಳ್ಮೆ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು, ಏಕೆಂದರೆ ಒತ್ತಡದಲ್ಲಿರುವ ಬಿಸಿನೀರು ಪ್ಲಗ್ ಬಿಚ್ಚಿದೊಡನೆ ಮುಖಕ್ಕೇ ಚಿಮ್ಮುತ್ತದೆ. ತಣಿದ ಮೇಲೆ ಒಳಗಿನ ಒಂದು ಬಿಸಿನೀರಿನ ನಲ್ಲಿಯನ್ನು ತೆರೆದು, ಗೀಸರಿನ ಸುರಕ್ಷತಾ ವಾಲ್ವನ್ನು ಎತ್ತಿ ಒತ್ತಡ ಇಳಿಸಿ, ನಂತರ ವಾಹನದ ಹೊರಬದಿಯ ಬಾಗಿಲು ತೆಗೆದು ಕೆಳಗಿನ ಪ್ಲಗ್ಗನ್ನು ಬಿಚ್ಚಿ. ಆನೋಡ್ ಕಡ್ಡಿ ಆ ಪ್ಲಗ್ಗಿಗೇ ಅಂಟಿಕೊಂಡು ಹೊರಬರುತ್ತದೆ. ನೀರಿನ ಜೊತೆಗೆ ಬಿಳಿಯ ಸುಣ್ಣದ ಹರಳುಗಳೂ ಕಂದು ಗಸಿಯೂ ಬರುವುದನ್ನು ನೋಡಿ ಗಾಬರಿಯಾಗಬೇಡಿ. ತೆಳುವಾದ ನಳಿಕೆಯನ್ನು ತೂರಿಸಿ ಒಳಗಿನಿಂದ ತಿಳಿನೀರು ಬರುವವರೆಗೆ ತೊಳೆಯಿರಿ.

ಕಡ್ಡಿಯ ಮುಕ್ಕಾಲು ಭಾಗ ಸವೆದಿದ್ದರೆ ಹೊಸದನ್ನು ಹಾಕಲೇಬೇಕು. ವಾಸನೆ ಪದೇ ಪದೇ ಬರುತ್ತಿದ್ದರೆ ಮೆಗ್ನೀಸಿಯಂ ಬದಲು ಅಲ್ಯೂಮಿನಿಯಂ-ಸತು ಮಿಶ್ರಣದ ಕಡ್ಡಿಯನ್ನು ಹಾಕುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಫಲಕಾರಿಯಾದ ಉಪಾಯ. ಕಡ್ಡಿಯನ್ನೇ ಹಾಕದೆ ಬಿಟ್ಟರೆ ವಾಸನೆ ಕಡಿಮೆಯಾಗುವುದೇನೋ ನಿಜ, ಆದರೆ ಟ್ಯಾಂಕಿಗೆ ತುಕ್ಕು ಹಿಡಿಯಲು ಬಾಗಿಲು ತೆರೆದಂತಾಗುತ್ತದೆ. ಇನ್ನು ಆಟ್‌ವುಡ್ ಹೆಸರಿನಲ್ಲಿ ಬರುತ್ತಿದ್ದ, ಈಗ ಡೊಮೆಟಿಕ್ ಹೆಸರಿನಲ್ಲಿ ದೊರೆಯುವ ಗೀಸರುಗಳ ಒಳಮೈ ಅಲ್ಯೂಮಿನಿಯಂನದು. ಅವಕ್ಕೆ ಪ್ಲಾಸ್ಟಿಕ್ ಪ್ಲಗ್ ಮಾತ್ರ ಇರುತ್ತದೆ; ಅದರ ಜಾಗದಲ್ಲಿ ಆನೋಡ್ ಕಡ್ಡಿ ಹಾಕಬಾರದು. ಮತ್ತೊಂದು ಮಾತು: ಟ್ಯಾಂಕಿಗೆ ಪುನಃ ನೀರು ತುಂಬಿ, ಬಿಸಿನೀರಿನ ನಲ್ಲಿಯಿಂದ ಗಾಳಿಯಿಲ್ಲದ ಧಾರೆ ಬರುವವರೆಗೆ ವಿದ್ಯುತ್ ಸ್ವಿಚ್ ಹಾಕಬೇಡಿ, ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಕ್ಷಣಾರ್ಧದಲ್ಲಿ ಸುಟ್ಟುಹೋಗುತ್ತದೆ.

ಇಡೀ ವ್ಯವಸ್ಥೆಗೆ ಬ್ಲೀಚ್

ತಣ್ಣೀರೂ ನಾರುತ್ತಿದ್ದರೆ, ಅಥವಾ ವಾಹನ ತಿಂಗಳುಗಟ್ಟಲೆ ನಿಂತಿದ್ದರೆ, ಗೀಸರನ್ನು ತೊಳೆದ ಬೆನ್ನಿಗೇ ಈ ಕೆಲಸ ಮಾಡಬೇಕು. ಇದ್ದಿಲಿನ ಫಿಲ್ಟರುಗಳು ಕ್ಲೋರಿನನ್ನು ಹೀರಿಕೊಳ್ಳುವುದರಿಂದ ಎಲ್ಲ ಫಿಲ್ಟರುಗಳನ್ನೂ ಮೊದಲು ತೆಗೆದಿಡಿ. ಹಳೆಯ ನೀರನ್ನು ಟ್ಯಾಂಕಿನಿಂದಲೂ ಪೈಪುಗಳ ಅತಿ ತಗ್ಗಿನಲ್ಲಿರುವ ಎರಡು ಬಿರಡೆಗಳಿಂದಲೂ ಪೂರ್ತಿ ಹೊರಬಿಡಿ. ಚಳಿಗಾಲದಲ್ಲಿ ಗೀಸರಿಗೆ ನೀರು ಹೋಗದಂತೆ ತಿರುಗಿಸಿಟ್ಟ ಬೈಪಾಸ್ ವಾಲ್ವುಗಳನ್ನು ಮಾಮೂಲು ಸ್ಥಿತಿಗೆ ತರುವುದನ್ನು ಮರೆಯಬೇಡಿ. ಇಲ್ಲವಾದರೆ ಬ್ಲೀಚ್ ನೀರು ಗೀಸರಿನೊಳಗೆ ಹೋಗುವುದೇ ಇಲ್ಲ.

ಅಳತೆ ಹೀಗೆ: ಪ್ರತಿ 15 ಗ್ಯಾಲನ್ ನೀರಿಗೆ, ಅಂದರೆ ಸುಮಾರು 57 ಲೀಟರಿಗೆ, ಸುವಾಸನೆ ಬೆರೆಸದ ಮನೆಬಳಕೆಯ ಬ್ಲೀಚ್ ಕಾಲು ಕಪ್, ಸುಮಾರು 60 ಮಿಲಿಲೀಟರ್. 40 ಗ್ಯಾಲನ್ ಟ್ಯಾಂಕಿನ ಜೊತೆಗೆ 6 ಗ್ಯಾಲನ್ ಗೀಸರ್ ಇದ್ದರೆ ಒಟ್ಟು ಮುಕ್ಕಾಲು ಕಪ್ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಶುದ್ಧವಾಗುತ್ತದೆ ಎಂಬುದು ತಪ್ಪು ಲೆಕ್ಕ. ರಬ್ಬರಿನ ವಾಷರುಗಳು ಹಾಳಾಗುತ್ತವೆ, ಆಮೇಲೆ ಬ್ಲೀಚಿನ ವಾಸನೆಯನ್ನು ಕಳೆಯುವುದೇ ಇನ್ನೊಂದು ತಲೆನೋವಾಗುತ್ತದೆ. ಬ್ಲೀಚನ್ನು ನೇರವಾಗಿ ಸುರಿಯದೆ, ಒಂದು ಗ್ಯಾಲನ್ ನೀರಿನಲ್ಲಿ ಕಲಸಿ ಟ್ಯಾಂಕಿಗೆ ಹಾಕಿ, ನಂತರ ಟ್ಯಾಂಕನ್ನು ತುಂಬಿಸಿ. ಗೀಸರಿನ ಸುಣ್ಣ ತೆಗೆಯಲು ವಿನೆಗರ್ ಬಳಸಿದ್ದರೆ, ಅದು ಸಂಪೂರ್ಣವಾಗಿ ತೊಳೆದುಹೋಗುವವರೆಗೆ ಬ್ಲೀಚ್ ಮುಟ್ಟಬೇಡಿ. ಇವೆರಡೂ ಬೆರೆತರೆ ಹುಟ್ಟುವುದು ವಿಷಕಾರಿ ಕ್ಲೋರಿನ್ ಅನಿಲ, ಮತ್ತು ಆರ್‌ವಿಯಂತಹ ಇಕ್ಕಟ್ಟಾದ ಜಾಗದಲ್ಲಿ ಅದು ಜೀವಕ್ಕೇ ಎರವಾಗಬಹುದು.

ಈಗ ಪಂಪು ಹಾಕಿ, ಒಂದೊಂದೇ ನಲ್ಲಿಯಲ್ಲಿ, ಬಿಸಿ ಮತ್ತು ತಣ್ಣೀರು ಎರಡರಲ್ಲೂ, ಬ್ಲೀಚಿನ ವಾಸನೆ ಸ್ಪಷ್ಟವಾಗಿ ಬರುವವರೆಗೆ ನೀರು ಬಿಡಿ. ಶೌಚಾಲಯದ ಫ್ಲಶ್ ಮತ್ತು ವಾಹನದ ಹೊರಬದಿಯ ಶವರ್ ಸುಲಭವಾಗಿ ಮರೆತುಹೋಗುವ ಜಾಗಗಳು. ಎಲ್ಲ ತೊಳೆದರೂ ವಾಸನೆ ಉಳಿಯಿತೆಂದು ಕಂಗೆಡುವವರು ಈ ಶವರಿನ ಪೈಪಿನಲ್ಲಿ ನಿಂತ ಹಳೆಯ ನೀರನ್ನು ಮೊದಲು ನೋಡಬೇಕು. ಬಳಿಕ ಕನಿಷ್ಠ 3 ಗಂಟೆ, ಸಾಧ್ಯವಾದರೆ ಒಂದು ರಾತ್ರಿ ಹಾಗೆಯೇ ಬಿಡಿ. ನಡುವೆ ವಾಹನವನ್ನು ಸ್ವಲ್ಪ ದೂರ ಓಡಿಸಿದರೆ ನೀರು ಕುಲುಕಿ ಟ್ಯಾಂಕಿನ ಮೇಲ್ಗೋಡೆಗೂ ತಾಗುತ್ತದೆ.

ಕೊನೆಗೆ ಎಲ್ಲವನ್ನೂ ಹೊರಬಿಟ್ಟು, ಹೊಸ ನೀರು ತುಂಬಿಸಿ ಖಾಲಿ ಮಾಡುವುದನ್ನು ಎರಡು ಮೂರು ಸಲ ಮಾಡಿ. ನೀವು ಹಾಕಿದ ಬ್ಲೀಚಿನಿಂದ ನೀರಿನಲ್ಲಿ ಪ್ರತಿ ಲೀಟರಿಗೆ ಸುಮಾರು 50 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಕ್ಲೋರಿನ್ ಇರುತ್ತದೆ. ಕುಡಿಯುವ ನೀರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನಿಗದಿಪಡಿಸಿರುವ ಮಿತಿ 4 ಮಿಲಿಗ್ರಾಂ. ಹೊರಬಿಡುವ ಬ್ಲೀಚ್ ನೀರನ್ನು ಹುಲ್ಲಿನ ಮೇಲೋ ತೊರೆಗೋ ಬಿಡದೆ ಒಳಚರಂಡಿಗೇ ಹರಿಸಬೇಕು. ವಾಸನೆ, ರುಚಿ ಎರಡೂ ಸರಿಯಾದ ಮೇಲೆ ಹೊಸ ಫಿಲ್ಟರ್ ಹಾಕಿ. ಹಳೆಯದನ್ನೇ ಹಾಕಿದರೆ ಅದರಲ್ಲಿ ಕೂತ ಬ್ಯಾಕ್ಟೀರಿಯಾಗಳು ಮರಳಿ ಸೇರಿಕೊಳ್ಳುತ್ತವೆ.

ಸಿಂಕಿನಡಿಯ ವಾಸನೆ

ಲೋಟದ ನೀರು ಚೆನ್ನಾಗಿದ್ದು ಸಿಂಕು ಮಾತ್ರ ನಾರುತ್ತಿದ್ದರೆ ಕೆಲಸ ಸುಲಭ. ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ಸದಾ ನಿಂತಿರಬೇಕಾದ ನೀರು, ವಾಹನ ಬಿಸಿಲಿನಲ್ಲಿ ವಾರಗಟ್ಟಲೆ ನಿಂತಾಗ ಒಣಗಿಹೋಗುತ್ತದೆ. ಎರಡು ಲೋಟ ನೀರು ಸುರಿದರೆ ಕೊಳಚೆ ಗಾಳಿಯ ದಾರಿ ಮುಚ್ಚುತ್ತದೆ. ಆದರೂ ವಾಸನೆ ಬಂದರೆ ಸಿಂಕಿನಡಿಯ ಚಿಕ್ಕ ಗಾಳಿ ವಾಲ್ವ್ ಕೆಟ್ಟಿರಬೇಕು. ಅದನ್ನು ತಿರುಗಿಸಿ ತೆಗೆದು ಅದೇ ಅಳತೆಯ ಹೊಸದನ್ನು ಹಾಕಿದರಾಯಿತು.

ಪ್ರವಾಸ ಮುಗಿದ ದಿನವೇ ಟ್ಯಾಂಕು ಮತ್ತು ಗೀಸರನ್ನು ಖಾಲಿ ಮಾಡಿ, ನಲ್ಲಿಗಳನ್ನು ತೆರೆದಿಟ್ಟು ಒಣಗಲು ಬಿಡಿ. ನೀರು ತುಂಬಿಸಲು ತೋಟದ ಹಸಿರು ಪೈಪಿನ ಬದಲು ಕುಡಿಯುವ ನೀರಿಗೆಂದೇ ಮಾಡಿದ ಬಿಳಿ ಪೈಪನ್ನು ಬಳಸಿ, ಅದರ ಎರಡೂ ತುದಿಗಳನ್ನು ಒಂದಕ್ಕೊಂದು ಜೋಡಿಸಿ ಎತ್ತಿಡಿ.